ಒತ್ತು ಹಿಂದಕ್ಕೋಡುವ ಕ್ರಿಯಾಪದಗಳು

ಫ್ಲಾರೆನ್ಸ್‌ನ ಒಂದು ಪ್ರಾಥಮಿಕ ಶಾಲೆ, ಎರಡನೇ ತರಗತಿ. ಮೇಡಂ ಹಲಗೆಯ ಮೇಲೆ ಕ್ರಿಯಾಪದ ಬರೆಯುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾ ಅಕ್ಷರ ಬಿಡಿಸುತ್ತಾರೆ. 'ಮಾತಾಡು' ಎಂಬ ಪರ್-ಲಾ-ರೆಗೆ ಮೂರು ಚಪ್ಪಾಳೆ, ನಡುವಿನದು ಜೋರು. ಒತ್ತು ಬೀಳುವುದು ಅಲ್ಲೇ. ಆಮೇಲೆ ಬಂತು 'ಅವರು ಫೋನ್ ಮಾಡುತ್ತಾರೆ': ತೆ-ಲೇ-ಫೊ-ನ-ನೊ. ಎರಡನೇ ಚಪ್ಪಾಳೆಗೆ ಇಡೀ ತರಗತಿ ಗುಡುಗಿತು, ಉಳಿದ ನಾಲ್ಕೂ ಮೆತ್ತಗೆ. ನನಗೋ ರೋಮಾಂಚನ. ಇಟಾಲಿಯನ್‌ನಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯ ಮೂರು ಅಕ್ಷರಗಳನ್ನು ದಾಟಿ ಹಿಂದೆ ಹೋಗುವುದಿಲ್ಲ. ಇಲ್ಲಿ ಕೊನೆಯಿಂದ ನಾಲ್ಕನೆಯದನ್ನು ಹಿಡಿದು ಕೂತಿದೆ!

ಕಾರಣ ಲ್ಯಾಟಿನ್‌ನಲ್ಲಿದೆ. ಅಲ್ಲಿ ನಮ್ಮ ಛಂದಸ್ಸಿನ ಗುರು-ಲಘುಗಳದೇ ಯಜಮಾನಿಕೆ: ಕೊನೆಯಿಂದ ಎರಡನೆಯ ಅಕ್ಷರ ಗುರುವಾದರೆ ಒತ್ತು ಅದಕ್ಕೆ, ಲಘುವಾದರೆ ಅದರ ಹಿಂದಿನದಕ್ಕೆ. 'ಅವರು' ಎಂಬುದಕ್ಕೆ ಹೊಂದುವ ರೂಪ ಆಗ 'ಅಂತ್' ಎಂದು ಮುಗಿಯುತ್ತಿತ್ತು. ಕಾಲಕ್ರಮದಲ್ಲಿ ತಕಾರ ಬಿದ್ದುಹೋಗಿ, ಒಂದು ಒಕಾರ ಸೇರಿ 'ಅನೊ' ಆಯಿತು. ಬಾಲ ಬೆಳೆದರೂ ಒತ್ತು ಕದಲಲಿಲ್ಲ. 19ನೇ ಶತಮಾನದಲ್ಲಿ ಬಂದ ಟೆಲಿಫೋನಿನ ಕ್ರಿಯಾಪದವೂ ಇದೇ ದಾರಿ ಹಿಡಿಯಿತು. 'ನನಗೆ ಅದನ್ನು ತಯಾರಿಸಿಕೊಡು' ಎನ್ನುವ ಫಾಬ್-ಬ್ರಿ-ಕ-ಮೆ-ಲೊದಲ್ಲಂತೂ ಒತ್ತು ಕೊನೆಯಿಂದ ಐದನೆಯದಕ್ಕೆ!

ಬರಹದಲ್ಲಿ ಇದರ ಸುಳಿವೇ ಸಿಗದು. ಒತ್ತು ಕೊನೆಯ ಅಕ್ಷರಕ್ಕೆ ಬಿದ್ದರೆ ಮಾತ್ರ ಚಿಹ್ನೆ ಕಡ್ಡಾಯ. ಕಾಪಿತನೊ ಎಂದರೆ 'ಸಂಭವಿಸುತ್ತವೆ', ಕಪಿತಾನೊ ಎಂದರೆ ನಾಯಕ, ಕಾಗುಣಿತ ಒಂದೇ. ಬಾನುಲಿ ಸಂಸ್ಥೆ ರಾಯ್‌ನ ಪ್ರಕಾಶನದಿಂದ 1969ರಲ್ಲಿ ಉಚ್ಚಾರಣೆ, ಕಾಗುಣಿತಕ್ಕೆಂದೇ ಒಂದು ನಿಘಂಟು ಬಂದದ್ದು ಸುಮ್ಮನೆ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ಪಠ್ಯಪುಸ್ತಕದ ಮೇಲೆ ನನಗೆ ತಕರಾರಿದೆ. 'ನನಗೆ ಅರ್ಥವಾಗುತ್ತದೆ' ಎಂಬುದನ್ನು ಕ-ಪಿ-ಸ್ಕೊ ಎಂದೇ ಬಿಡಿಸಬೇಕಂತೆ. ಕಿವಿ ಕೇಳುವುದು ಕ-ಪಿಸ್-ಕೊ. ಬ್ರೆಡ್ಡಿಗೆ ಅವರು ಪಾನೆ ಎನ್ನುವಾಗ ಒತ್ತು ಬಿದ್ದ ಸ್ವರ ಹಿಗ್ಗುತ್ತದೆ, ಪಸ್ತ ಎನ್ನುವಾಗ ಹಿಗ್ಗುವುದಿಲ್ಲ. ಸಕಾರ ಹಿಂದಿನ ಅಕ್ಷರವನ್ನು ಮುಚ್ಚಿದೆಯಲ್ಲ! ಧ್ವನಿಶಾಸ್ತ್ರಜ್ಞರಲ್ಲೂ ಹಲವರು ಹೀಗೇ ವಾದಿಸುತ್ತಾರೆ.

'ಆವಿಯಾಗುತ್ತದೆ' ಎಂಬ ಕ್ರಿಯಾಪದದ ಜಗಳ ಇನ್ನೂ ಮುಗಿದಿಲ್ಲ. ಲ್ಯಾಟಿನ್‌ನಲ್ಲಿ 'ಪೊ' ಗುರು, ಹಾಗಾಗಿ ಎವಪೋರ ಎನ್ನಬೇಕೆಂಬುದು ಸಂಪ್ರದಾಯಸ್ಥರ ಪಟ್ಟು. ಜನ ಎವಾಪೊರ ಎನ್ನುತ್ತಾರೆ. ನಾನು ಜನರ ಕಡೆ. ತೆಲೇಫೊನನೊ ಎಂದು ದಿನವಿಡೀ ಆಡುವ ನಾಲಿಗೆ ಒತ್ತನ್ನು ಒಂದು ಹೆಜ್ಜೆ ಹಿಂದಕ್ಕೆಳೆದರೆ ಅದರಲ್ಲಿ ತಪ್ಪೇನೂ ಕಾಣದು. ಬಹುವಚನದಲ್ಲಿ ಅದು ಎವಾಪೊರನೊ ಆಗುತ್ತದೆ, ಅಲ್ಲೂ ಒತ್ತು ಕೊನೆಯಿಂದ ನಾಲ್ಕನೆಯದಕ್ಕೇ.