ಸೈಕಾಲಜಿ ಓದಬೇಕಾ? ಅಡ್ಮಿಷನ್ ಫಾರಂ ತುಂಬೋ ಮೊದಲು ಈ ಲೆಕ್ಕ ಹಾಕಿ

ಇಲ್ಲಿ ಒಂದು ವರ್ಷ ಓದಿ ಆಮೇಲೆ ದೊಡ್ಡ ಕಾಲೇಜಿಗೆ ಹೋದ್ರೆ ನಡೆಯುತ್ತಾ? ಕಾಂಬಿನೇಷನ್, ಕ್ರೆಡಿಟ್, ಎಬಿಸಿ, ದೂರಶಿಕ್ಷಣದ ಹೊಸ ನಿಯಮ: ತಂದೆ ತಾಯಿ ತಿಳ್ಕೊಂಡಿರಬೇಕಾದ ವಿಷಯ ಇಲ್ಲಿದೆ

ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮೂರ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್ ಮುಂದೆ ಕ್ಯೂ ಶುರು. ಬಿ.ಕಾಂ., ಬಿಸಿಎ, ನರ್ಸಿಂಗ್ ಅಂತ ಕೇಳೋರ ಮಧ್ಯೆ ಈಗ "ಸೈಕಾಲಜಿ ಎಲ್ಲಿದೆ ಅಣ್ಣ?" ಅಂತ ಕೇಳೋ ಮಕ್ಕಳೂ ಸಿಗ್ತಾರೆ. ಮನೆಯಲ್ಲಿ ಮಾತ್ರ ಎರಡು ಉತ್ತರ ಬರುತ್ತೆ. ಒಂದು, "ಅದು ಹುಚ್ಚರ ಡಾಕ್ಟರ್ ಕೋರ್ಸ್ ಅಲ್ವಾ?" ಇನ್ನೊಂದು, "ಒಂದು ವರ್ಷ ಇಲ್ಲೇ ಓದ್ಲಿ, ಆಮೇಲೆ ಮೈಸೂರಿಗೋ ಬೆಂಗಳೂರಿಗೋ ಹಾಕಿದ್ರಾಯ್ತು."

ಎರಡೂ ತಪ್ಪು ಲೆಕ್ಕ. ಮೊದಲನೆಯದರಿಂದ ಆಸೆ ಹೋಗುತ್ತೆ, ಎರಡನೆಯದರಿಂದ ವರ್ಷ ಹೋಗುತ್ತೆ.

ಹೀಗೊಂದು ಮನೆ ಇದೆ ಅಂದ್ಕೊಳ್ಳಿ. ಅಪ್ಪನದು ಕಿರಾಣಿ ಅಂಗಡಿ. ಮಗಳಿಗೆ ಸೈಕಾಲಜಿ ಆಸೆ. ಊರಿನ ಕಾಲೇಜಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮಾತ್ರ ಇದೆ. ಮನೆಯಿಂದ ಓಡಾಡಬಹುದು, ಖರ್ಚು ಕಡಿಮೆ ಅಂತ ಸೇರಿಸಿದ್ರು. ಒಂದು ವರ್ಷ ಪಾಸಾಗಿ, ಟಿಸಿ ತಗೊಂಡು ನಗರದ ಕಾಲೇಜಿಗೆ ಹೋದ್ರೆ ಅಲ್ಲಿ ಹೇಳೋದು ಒಂದೇ ಮಾತು: "ಸೈಕಾಲಜಿ ಬೇಕಂದ್ರೆ ಮೊದಲ ಸೆಮಿಸ್ಟರ್‌ನಿಂದ ಸೇರಬೇಕು." ಮಗಳು ಫೇಲಾಗಿಲ್ಲ, ಆದರೂ ಒಂದು ವರ್ಷ ಹೋಯ್ತು.

ಹೀಗಾಗಬಾರದು ಅಂದ್ರೆ ಓದಿನ ಪ್ಲಾನ್ ಕೊನೆಯಿಂದ ಹಿಂದಕ್ಕೆ ಹಾಕ್ಬೇಕು. ಕೊನೆಗೆ ಯಾವ ಕೆಲಸ, ಅದಕ್ಕೆ ಯಾವ ಪಿಜಿ, ಆ ಪಿಜಿಗೆ ಡಿಗ್ರಿ ಮಾರ್ಕ್ಸ್ ಕಾರ್ಡಲ್ಲಿ ಏನಿರಬೇಕು, ಆಮೇಲೆ ಕಾಲೇಜು.

ಮೊದಲು ಕೆಲಸ ಯಾವುದು ಅಂತ ನೋಡಿ

ಮನೋವೈದ್ಯರು ಅಂದ್ರೆ ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಪಿಜಿ ಮಾಡಿದವರು. ಮಾತ್ರೆ ಬರೆಯೋರು ಅವರು. ಬಿ.ಎ. ಸೈಕಾಲಜಿಯಿಂದ ಆ ದಾರಿ ಇಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಬೇರೆ. ಮಾತು, ಪರೀಕ್ಷೆ, ಥೆರಪಿ ಮೂಲಕ ಚಿಕಿತ್ಸೆ ಕೊಡ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐ ನೋಂದಣಿ ಬೇಕು. ಇಷ್ಟು ದಿನ ಇದ್ದ ಮುಖ್ಯ ದಾರಿ ಸೈಕಾಲಜಿಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿ, ಶೇ. 55 ಅಂಕ ತೆಗೆದು, ಎರಡು ವರ್ಷದ ಎಂ.ಫಿಲ್. ಮಾಡೋದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ದೇಶದಲ್ಲೇ ಹೆಸರಾದ ಜಾಗ. ಆದರೆ ಯುಜಿಸಿ ಎಂ.ಫಿಲ್. ಅನ್ನೋದನ್ನೇ ನಿಲ್ಲಿಸಿದೆ. ಕ್ಲಿನಿಕಲ್ ಸೈಕಾಲಜಿಗೆ ಕೊಟ್ಟ ವಿನಾಯಿತಿ 2025-26ನೇ ಸಾಲಿನವರೆಗೆ ಮಾತ್ರ ಅಂತ ಹೇಳಿತ್ತು. ಆರ್‌ಸಿಐ ನಾಲ್ಕು ವರ್ಷದ ಬಿ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ ಆನರ್ಸ್ ಥರದ ಹೊಸ ಕೋರ್ಸ್ ತಂದಿದೆ. ಅಂದ್ರೆ ಇವತ್ತು ಡಿಗ್ರಿಗೆ ಸೇರೋ ಮಗು ಪಿಜಿ ಮುಗಿಸೋ ಹೊತ್ತಿಗೆ ದಾರಿ ಈಗಿನ ಥರ ಇರಲ್ಲ. ಪ್ರತಿ ವರ್ಷ ಆರ್‌ಸಿಐ ವೆಬ್‌ಸೈಟ್ ನೋಡ್ತಾ ಇರಬೇಕು. ಕಾಲೇಜಿನ ಪಾಂಪ್ಲೆಟ್ ನಂಬಿ ಕೂರಬಾರದು.

ಮೂರನೆಯದು ಶಾಲೆ ಕೌನ್ಸೆಲರ್, ಕಂಪನಿ ಎಚ್‌ಆರ್, ಎನ್‌ಜಿಒ, ಉಪನ್ಯಾಸಕ ಕೆಲಸ. ಇದಕ್ಕೂ ಬರೀ ಡಿಗ್ರಿ ಸಾಲೋದು ಕಷ್ಟ, ಪಿಜಿ ಇದ್ರೆ ಬಲ.

ಒಟ್ಟಿನಲ್ಲಿ ಸೈಕಾಲಜಿ ಮೂರು ವರ್ಷಕ್ಕೆ ಮುಗಿಯೋ ಓದಲ್ಲ. ಐದು ವರ್ಷಕ್ಕಾದ್ರೂ ದುಡ್ಡು, ತಾಳ್ಮೆ ಎರಡೂ ಬೇಕು.

ಕಾಂಬಿನೇಷನ್‌ನಲ್ಲೇ ಅರ್ಧ ಭವಿಷ್ಯ

ಪಿಯುಸಿಯಲ್ಲಿ ಮನಃಶಾಸ್ತ್ರ ಓದಿಲ್ಲ ಅಂತ ಹೆದರಬೇಡಿ. ಬಿ.ಎ.ಗೆ ಅದು ಕಡ್ಡಾಯ ಅಲ್ಲ. ಡಿಗ್ರಿಯಲ್ಲಿ ಮಾತ್ರ ಮೊದಲ ಸೆಮಿಸ್ಟರ್‌ನಿಂದಲೇ ಅದು ಮುಖ್ಯ ವಿಷಯ ಆಗಿರಬೇಕು. ಒಂದು ಓಪನ್ ಎಲೆಕ್ಟಿವ್ ಪೇಪರ್ ಓದಿದ್ರೆ "ಸೈಕಾಲಜಿ ಓದಿದ್ದೀನಿ" ಅಂತ ನೆಂಟರಿಗೆ ಹೇಳಬಹುದು, ಪಿಜಿ ಅಡ್ಮಿಷನ್ ಕೌಂಟರಲ್ಲಿ ಹೇಳೋಕಾಗಲ್ಲ.

ಇನ್ನೊಂದು ವಿಷಯ ಪ್ರಾಕ್ಟಿಕಲ್. ಸೈಕಾಲಜಿಗೆ ಲ್ಯಾಬ್ ಇರುತ್ತೆ. ನೆನಪಿನ ಶಕ್ತಿ, ಗಮನ, ಕಲಿಕೆ, ವ್ಯಕ್ತಿತ್ವ ಪರೀಕ್ಷೆ ಎಲ್ಲ ಮಾಡಿ ರೆಕಾರ್ಡ್ ಬುಕ್ ಬರೀಬೇಕು. ಮುಂದೆ ಕಾಲೇಜು ಬದಲಿಸಿದಾಗ ಥಿಯರಿ ಹೊಂದಿದರೂ ಪ್ರಾಕ್ಟಿಕಲ್ ಮಾರ್ಕ್ಸ್ ಇಲ್ಲದಿದ್ರೆ ತಕರಾರು ಬರುತ್ತೆ. ಹಾಗಾಗಿ ಸೇರೋ ಕಾಲೇಜಲ್ಲಿ ಲ್ಯಾಬ್ ಇದೆಯಾ, ಆ ವಿಷಯಕ್ಕೇ ಅಂತ ಲೆಕ್ಚರರ್ ಇದ್ದಾರಾ ಅಂತ ಕಣ್ಣಾರೆ ನೋಡಿ.

ಜೊತೆ ವಿಷಯ ಏನಿರಬೇಕು ಅಂದ್ರೆ, ಸಮಾಜಶಾಸ್ತ್ರ ಇದ್ರೆ ಎಂಎಸ್‌ಡಬ್ಲ್ಯೂ ಕಡೆ ಹೋಗೋಕೂ ಅನುಕೂಲ. ಇಂಗ್ಲಿಷ್ ಅಥವಾ ಪತ್ರಿಕೋದ್ಯಮ ಇದ್ರೆ ಅದಕ್ಕೂ ಬೆಲೆ ಇದೆ. ಸೈಕಾಲಜಿಯಲ್ಲಿ ಅಂಕಿ-ಅಂಶದ ಲೆಕ್ಕಾಚಾರ ಬಂದೇ ಬರುತ್ತೆ, ಗಣಿತ ತಪ್ಪಿಸ್ಕೊಳ್ಳೋಕೆ ಅಂತ ಯಾರೂ ಸೇರಬೇಡಿ.

ಮಧ್ಯದಲ್ಲಿ ಕಾಲೇಜು ಬದಲಿಸೋದು ಹೇಗೆ?

ಒಂದೇ ವಿಶ್ವವಿದ್ಯಾಲಯದ ಒಳಗೆ ಬದಲಿಸೋದು ಸುಲಭ. ಸಾಮಾನ್ಯವಾಗಿ 3 ಅಥವಾ 5ನೇ ಸೆಮಿಸ್ಟರ್ ಶುರುವಿನಲ್ಲಿ ಬಿಡ್ತಾರೆ. ಎರಡೂ ಕಾಲೇಜಿನ ಎನ್‌ಒಸಿ, ವಿವಿ ಒಪ್ಪಿಗೆ ಬೇಕು, ಕಾಂಬಿನೇಷನ್ ಅದೇ ಇರಬೇಕು, ಆ ಕಡೆ ಸೀಟು ಖಾಲಿ ಇರಬೇಕು. ಯುಯುಸಿಎಂಎಸ್ ಪೋರ್ಟಲಲ್ಲೂ ಕಾಲೇಜಿನ ಹೆಸರು ಬದಲಾಗಬೇಕು. ಅದು ಆಗದಿದ್ರೆ ಪರೀಕ್ಷೆ ಅರ್ಜಿ ಹೊತ್ತಿಗೆ ಓಡಾಟ ಶುರು.

ಬೇರೆ ವಿಶ್ವವಿದ್ಯಾಲಯಕ್ಕೆ ಹೋಗೋದು ಕಷ್ಟ. ಮೈಗ್ರೇಷನ್ ಸರ್ಟಿಫಿಕೇಟ್, ಅರ್ಹತಾ ಪತ್ರ, ಜೊತೆಗೆ ಎರಡೂ ಕಡೆ ಸಿಲಬಸ್ ಹೊಂದುತ್ತಾ ಅಂತ ಅವರು ಪೇಪರ್ ಪೇಪರ್ ಹೋಲಿಸ್ತಾರೆ. ಅದಕ್ಕೇ ಪ್ರತಿ ಸೆಮಿಸ್ಟರ್‌ನ ಸಿಲಬಸ್ ಕಾಪಿ, ಕಾಲೇಜಿನ ಸೀಲ್ ಹಾಕಿಸಿ, ಮಾರ್ಕ್ಸ್ ಕಾರ್ಡ್ ಜೊತೆ ಫೈಲಲ್ಲಿ ಇಡಿ. ಮೂರು ವರ್ಷ ಆದಮೇಲೆ ಹುಡುಕಿದ್ರೆ ಸಿಗಲ್ಲ.

ಇಲ್ಲಿ ಕ್ರೆಡಿಟ್ ಅಂದ್ರೆ ಏನು ಅಂತ ಗೊತ್ತಿರಬೇಕು. ಯುಜಿಸಿ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದ್ರೆ 15 ಗಂಟೆ ಪಾಠ, ಪ್ರಾಕ್ಟಿಕಲ್ ಆದ್ರೆ 30 ಗಂಟೆ. 4 ಕ್ರೆಡಿಟ್ ಪೇಪರ್ ಅಂದ್ರೆ 60 ಗಂಟೆ ಕೂತು ಕೇಳಿದ್ದು. ಆದರೆ ಇತಿಹಾಸದ 4 ಕ್ರೆಡಿಟ್ ಕೊಟ್ಟು ಸೈಕಾಲಜಿಯ 4 ಕ್ರೆಡಿಟ್ ತಗೊಳ್ಳೋಕಾಗಲ್ಲ. ಗಿರಾಕಿ ಹತ್ತು ಕೆಜಿ ತೊಗರಿಬೇಳೆ ಕೇಳಿದ್ರೆ ಹತ್ತು ಕೆಜಿ ಅಕ್ಕಿ ತೂಗಿ ಕೊಡ್ತೀರಾ? ತೂಕ ಸರಿ ಇದ್ರೆ ಸಾಲದು, ಮಾಲೂ ಅದೇ ಆಗಿರಬೇಕು.

ಎಬಿಸಿ ಖಾತೆ: ಬ್ಯಾಂಕ್ ಹೌದು, ಗ್ಯಾರಂಟಿ ಅಲ್ಲ

2021ರಲ್ಲಿ ಯುಜಿಸಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ಎಲ್ಲರೂ ಎಬಿಸಿ ಅಂತಾರೆ. ಡಿಜಿಲಾಕರ್ ಮೂಲಕ ಖಾತೆ ತೆರೆದ್ರೆ 12 ಅಂಕಿಯ ಐಡಿ ಬರುತ್ತೆ. ಪಾಸಾದ ಪೇಪರ್‌ಗಳ ಕ್ರೆಡಿಟ್ ಅದರಲ್ಲಿ ಜಮಾ ಆಗುತ್ತೆ. ಅವಧಿ ಹೆಚ್ಚೆಂದರೆ 7 ವರ್ಷ.

ಮೂರು ವಿಷಯ ನೆನಪಿರಲಿ. ಒಂದು, ಕ್ರೆಡಿಟ್ ಹಾಕೋದು ವಿವಿ. ವಿದ್ಯಾರ್ಥಿ ತಾನೇ ಹಾಕೋಕೆ ಬರಲ್ಲ. ಅವರು ಹಾಕದಿದ್ರೆ ಖಾತೆ ಖಾಲಿ. ಎರಡು, ಆಧಾರ್‌ನಲ್ಲಿರೋ ಹೆಸರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹೆಸರೂ ಒಂದೇ ಇರಬೇಕು. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರೋದು ನಮ್ಮ ಕಡೆ ಮಾಮೂಲು. ಅಡ್ಮಿಷನ್ ಮೊದಲೇ ಸರಿ ಮಾಡಿಸಿ. ಮೂರು, ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಆ ಕಡೆಯ ವಿವಿ ಒಪ್ಪಲೇಬೇಕು ಅಂತಿಲ್ಲ. ಎಷ್ಟನ್ನ ಒಪ್ಪಬೇಕು ಅನ್ನೋದು ಅವರ ತೀರ್ಮಾನ.

ಹಾಗಂತ ಎಬಿಸಿ ಸುಮ್ನೆ ಅಲ್ಲ. ಮಧ್ಯದಲ್ಲಿ ಓದು ನಿಂತವರಿಗೆ ಅದು ದೊಡ್ಡ ಆಸರೆ. ನಾನೂ ಡಿಗ್ರಿ ಪೂರ್ತಿ ಮಾಡಿದವನಲ್ಲ. ಅಂಗಡಿ, ಸಾಲ, ಅಪ್ಪನ ಆರೋಗ್ಯ, ಅಕ್ಕನ ಮದುವೆ ಅಂತ ಓದು ನಿಲ್ಲೋಕೆ ಪ್ರತಿ ಮನೇಲೂ ಒಂದು ಕಾರಣ ಇರುತ್ತೆ. ಪಾಸಾದ ಪೇಪರ್ ದಾಖಲಾಗಿದ್ರೆ, ನಾಲ್ಕು ವರ್ಷ ಬಿಟ್ಟು ಬಂದು "ನಾನು ಇಷ್ಟು ಓದಿದ್ದೀನಿ" ಅಂತ ತೋರಿಸೋಕೆ ಏನೋ ಒಂದು ಇರುತ್ತೆ.

ದೂರಶಿಕ್ಷಣದ ಬಾಗಿಲು ಮುಚ್ಚಿದೆ

"ಕಾಲೇಜು ಸಿಗದಿದ್ರೆ ಕರೆಸ್ಪಾಂಡೆನ್ಸ್ ಮಾಡಿದ್ರಾಯ್ತು" ಅನ್ನೋರು ಇದನ್ನ ಗಮನವಿಟ್ಟು ಓದಿ. 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನ ದೂರಶಿಕ್ಷಣ ಅಥವಾ ಆನ್‌ಲೈನ್ ಪದ್ಧತಿಯಲ್ಲಿ ಕೊಡಬಾರದು ಅಂತ ಯುಜಿಸಿ ಹೇಳಿದೆ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ವ್ಯಾಪ್ತಿಗೆ ಈ ವಿಷಯ ಬರುತ್ತೆ, ಹಾಗಾಗಿ ನೇರವಾಗಿ ಕಲೀಬೇಕು ಅನ್ನೋದು ಕಾರಣ. ಹಲವು ವಿಷಯ ಇರೋ ಬಿ.ಎ. ದೂರಶಿಕ್ಷಣದಲ್ಲಿ ಮುಂದುವರಿಯಬಹುದು, ಅದರೊಳಗಿನ ಸೈಕಾಲಜಿ ಮಾತ್ರ ಇರಲ್ಲ. ಇಗ್ನೋದಲ್ಲಿ ಯಾವ ಡಿಗ್ರಿ ಆಗಿದ್ರೂ ಎಂ.ಎ. ಸೈಕಾಲಜಿ ಮಾಡಬಹುದು ಅಂತ ಊರೂರಲ್ಲಿ ಹೇಳ್ತಿದ್ದ ಸಲಹೆ ಹಳೇದಾಯ್ತು. ಈಗಲೂ ಯಾರಾದ್ರೂ ಏಜೆಂಟ್ "ಮನೇಲೇ ಕೂತು ಸೈಕಾಲಜಿ ಡಿಗ್ರಿ" ಅಂತ ಬಂದ್ರೆ ದುಡ್ಡು ಕೊಡಬೇಡಿ.

ಮೂರು ವರ್ಷವಾ, ನಾಲ್ಕು ವರ್ಷವಾ?

ನಮ್ಮ ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ ಬಂತು, ನಾಲ್ಕು ವರ್ಷದ ಆನರ್ಸ್ ಅಂದ್ರು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂತು. ಕೇಂದ್ರೀಯ ವಿವಿ, ಕೆಲವು ಖಾಸಗಿ ಮತ್ತು ಡೀಮ್ಡ್ ವಿವಿಗಳಲ್ಲಿ ನಾಲ್ಕು ವರ್ಷದ್ದೂ ಇದೆ.

ಮೂರು ವರ್ಷ ಮಾಡಿದವರಿಗೆ ಪಿಜಿ ಎರಡು ವರ್ಷ. ನಾಲ್ಕು ವರ್ಷ ಮಾಡಿದವರಿಗೆ ಯುಜಿಸಿ ಪ್ರಕಾರ ಒಂದು ವರ್ಷದ ಪಿಜಿ ಇರಬಹುದು. ಎರಡೂ ಸೇರಿದ್ರೆ ಐದೇ ವರ್ಷ. ವಿದೇಶದ ಆಸೆ ಇರೋರು ಮಾತ್ರ ಇನ್ನೊಮ್ಮೆ ಯೋಚಿಸಿ: ಅಮೆರಿಕದ ಹಲವು ವಿವಿಗಳು ಪಿಜಿಗೆ ನಾಲ್ಕು ವರ್ಷದ ಡಿಗ್ರಿ ಕೇಳ್ತವೆ. ಇಂಗ್ಲೆಂಡಲ್ಲಿ ಡಿಗ್ರಿಯೇ ಮೂರು ವರ್ಷದ್ದು, ಆ ತಕರಾರು ಅಲ್ಲಿ ಕಡಿಮೆ.

ಹತ್ತಿರದಲ್ಲಿ ಸೈಕಾಲಜಿ ಇಲ್ಲ, ಏನು ಮಾಡೋದು?

ಮೊದಲ ದಾರಿ, ಮೊದಲ ವರ್ಷದಿಂದಲೇ ಹೊರಗೆ ಕಳಿಸೋದು. "ಆಮೇಲೆ ಕಳಿಸೋಣ" ಅನ್ನೋದಕ್ಕಿಂತ ಇದು ಅಗ್ಗ. ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕೋದು ಮರೀಬೇಡಿ. ಮೈಸೂರು, ಧಾರವಾಡ, ಬೆಂಗಳೂರು ವಿವಿಗಳಲ್ಲಿ ಈ ವಿಷಯಕ್ಕೆ ಹಳೇ ವಿಭಾಗಗಳಿವೆ. ಮೈಸೂರಿನದು 1924ರಷ್ಟು ಹಳೇದು. ಅದನ್ನ ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ "ಆಕಾಶವಾಣಿ" ರೇಡಿಯೋ ಶುರು ಮಾಡಿದವರು. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರೋ ಕೇಂದ್ರೀಯ ವಿವಿಯಲ್ಲೂ ಸೈಕಾಲಜಿ ವಿಭಾಗ ಇದೆ. ಅಲ್ಲಿಗೆ ಸಿಯುಇಟಿ ಬರೀಬೇಕು. ಅದರ ಅರ್ಜಿ ಪಿಯುಸಿ ರಿಸಲ್ಟ್ ಬರೋ ಮೊದಲೇ ಮುಗಿದುಹೋಗುತ್ತೆ, ಹಾಗಾಗಿ ಸೆಕೆಂಡ್ ಪಿಯು ಓದ್ತಿರುವಾಗಲೇ ನೋಡ್ಕೊಳ್ಳಿ.

ಎರಡನೇ ದಾರಿ, ಊರಲ್ಲೇ ಸಿಗೋ ಡಿಗ್ರಿ ಚೆನ್ನಾಗಿ ಮುಗಿಸಿ ಪಿಜಿಯಲ್ಲಿ ಸೈಕಾಲಜಿಗೆ ಹೋಗೋದು. ಪ್ರವೇಶ ಪರೀಕ್ಷೆ ಪಾಸಾದ್ರೆ ಬೇರೆ ವಿಷಯದವರನ್ನೂ ಪಿಜಿಗೆ ತಗೋಬಹುದು ಅಂತ ಯುಜಿಸಿ ಹೇಳಿದೆ. ಅದನ್ನ ಒಪ್ಪೋದು ಬಿಡೋದು ಆಯಾ ವಿವಿಗೆ ಬಿಟ್ಟಿದ್ದು. ಹಾಗಾಗಿ ಈ ದಾರಿ ಹಿಡಿಯೋರು ಡಿಗ್ರಿ ಸೇರೋ ದಿನವೇ ಕನಿಷ್ಠ ಎರಡು ವಿವಿಯ ಪಿಜಿ ಪ್ರಾಸ್ಪೆಕ್ಟಸ್ ಓದಿ, ಅರ್ಹತೆ ಅನ್ನೋ ಕಾಲಂನಲ್ಲಿ ಏನು ಬರ್ದಿದೆ ನೋಡಿ.

ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲಲ್ಲಿ ಸೈಕಾಲಜಿ ಕೋರ್ಸ್ ಉಚಿತವಾಗಿ ಓದಬಹುದು. ಒಂದು ಸೆಮಿಸ್ಟರ್‌ನ ಶೇ. 40ರವರೆಗಿನ ಕ್ರೆಡಿಟ್ ಅಲ್ಲಿಂದ ತರೋಕೆ ಯುಜಿಸಿ ಅವಕಾಶ ಕೊಟ್ಟಿದೆ. ನಿಮ್ಮ ವಿವಿ ಆ ಕೋರ್ಸ್‌ನ ಒಪ್ಪಿದೆಯಾ ಅಂತ ಮೊದಲು ಕೇಳಿ, ಆಮೇಲೆ ಪರೀಕ್ಷೆ ಫೀಸ್ ಕಟ್ಟಿ.

ಕಾಲೇಜ್ ಆಫೀಸಲ್ಲಿ ಕೇಳಲೇಬೇಕಾದ ಪ್ರಶ್ನೆಗಳು

1. ಸೈಕಾಲಜಿ ಮುಖ್ಯ ವಿಷಯವಾ, ಎಲೆಕ್ಟಿವ್ ಅಷ್ಟೇನಾ? ಆರೂ ಸೆಮಿಸ್ಟರ್‌ನಲ್ಲಿ ಇರುತ್ತಾ?
2. ಈ ಕಾಂಬಿನೇಷನ್‌ಗೆ ವಿವಿ ಸಂಯೋಜನೆ ಈ ವರ್ಷಕ್ಕೆ ಇದೆಯಾ? ಪತ್ರ ತೋರಿಸ್ತೀರಾ?
3. ಲ್ಯಾಬ್, ಲೆಕ್ಚರರ್ ಇದ್ದಾರಾ? ಕಳೆದ ವರ್ಷ ಎಷ್ಟು ಜನ ಸೇರಿದ್ರು? ಕಡಿಮೆ ಜನ ಬಂದ್ರೆ ಕಾಂಬಿನೇಷನ್ ನಿಲ್ಲಿಸ್ತೀರಾ?
4. ಎಬಿಸಿಗೆ ಕ್ರೆಡಿಟ್ ಹಾಕ್ತಿದ್ದಾರಾ?
5. ಮಧ್ಯದಲ್ಲಿ ಹೋದ್ರೆ ಒರಿಜಿನಲ್ ದಾಖಲೆ ಯಾವಾಗ ವಾಪಸ್ ಕೊಡ್ತೀರಾ?

ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಎರಡನೇ ಪ್ರಶ್ನೆಗೆ ಉತ್ತರ ಕಾಗದದಲ್ಲೇ ಬೇಕು.

ಇದೆಲ್ಲ ಯಾಕೆ ಮುಖ್ಯ?

ಜಿಲ್ಲಾ ಮಟ್ಟದಲ್ಲೇ ಮಾನಸಿಕ ಆರೋಗ್ಯ ಸೇವೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದೇ ನಮ್ಮ ಬಳ್ಳಾರಿ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಅಲ್ಲಿ ಮಾಡಿದ ಪ್ರಯೋಗವನ್ನೇ ಮಾದರಿ ಮಾಡ್ಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡ್ತು. ಈಗ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೂ ಮಾತಾಡ್ತಾರೆ, ಉಚಿತ. ಆದರೆ ಸಾಲದ ಚಿಂತೆಯಲ್ಲಿ ನಿದ್ದೆ ಬಿಟ್ಟ ಅಂಗಡಿಯವರಿಗೆ, ಪರೀಕ್ಷೆ ಭಯದ ಮಕ್ಕಳಿಗೆ, ಹೆರಿಗೆ ಆದಮೇಲೆ ಮಂಕಾದ ಹೆಣ್ಣುಮಕ್ಕಳಿಗೆ ಎದುರು ಕೂತು ಮನೆಮಾತಲ್ಲಿ ಕೇಳೋರು ಬೇಕು. ನಮ್ಮ ಕಡೆಯ ಮಾತು, ಗಾದೆ, ಸಂಕೋಚ ಎಲ್ಲ ಗೊತ್ತಿರೋರು ಇಲ್ಲಿಂದಲೇ ಓದಿ ಬರಬೇಕು.

ಮಗ ಅಥವಾ ಮಗಳು ಸೈಕಾಲಜಿ ಅಂದ್ರೆ ಬೈಬೇಡಿ. ಈ ವಾರ ಒಂದು ದಿನ ಅಂಗಡಿ ಬಾಗಿಲು ಅರ್ಧ ಗಂಟೆ ತಡವಾಗಿ ತೆಗೆದ್ರೂ ಪರವಾಗಿಲ್ಲ, ಮೇಲಿನ ಐದು ಪ್ರಶ್ನೆ ಬರ್ಕೊಂಡು ಅವರ ಜೊತೆ ಕಾಲೇಜ್ ಆಫೀಸಿಗೆ ಹೋಗಿ ಬನ್ನಿ. ಫೀಸ್ ಕಟ್ಟೋದು ಆಮೇಲೆ.