ಉಮೇದುವಾರನ ಮಾತಿಗೆ ಒರೆಗಲ್ಲು ಯಾವುದು?

1936ರ ಸೆಪ್ಟೆಂಬರ್ ತಿಂಗಳು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮರು ಆಯ್ಕೆ ಬಯಸಿ ಪ್ರಚಾರದಲ್ಲಿದ್ದರು. ಪಿಟ್ಸ್‌ಬರ್ಗ್ ನಗರದಲ್ಲಿ ಅವರ ಭಾಷಣ ಗೊತ್ತಾಗಿತ್ತು. ತೊಂದರೆ ಇದ್ದುದು ಅಲ್ಲಿಯೇ. ನಾಲ್ಕು ವರ್ಷಗಳ ಹಿಂದೆ, 1932ರ ಅಕ್ಟೋಬರ್ 19ರಂದು, ಅದೇ ಊರಿನ ಅದೇ ಮೈದಾನದಲ್ಲಿ ನಿಂತು ಅವರು ಸರ್ಕಾರದ ಖರ್ಚು ಕಡಿಮೆ ಮಾಡುವುದಾಗಿ ಮಾತು ಕೊಟ್ಟಿದ್ದರು. ಶೇ 25ರಷ್ಟು ಖರ್ಚು ಕಡಿತ ಎಂದು ಅವರ ಡೆಮಾಕ್ರಟಿಕ್ ಪಕ್ಷದ ಪ್ರಣಾಳಿಕೆಯೂ ಹೇಳಿತ್ತು. ಆದರೆ ಆದದ್ದೇನು? ಖರ್ಚು ಇಳಿಯಲಿಲ್ಲ, ಏರಿತು.

ಹಳೆಯ ಭಾಷಣಕ್ಕೆ ಒಂದು ಒಪ್ಪುವಂಥ ಸಮಜಾಯಿಷಿ ಬರೆದುಕೊಡುವಂತೆ ರೂಸ್‌ವೆಲ್ಟ್ ತಮ್ಮ ಭಾಷಣ ಬರೆಯುತ್ತಿದ್ದ ಸ್ಯಾಮ್ಯುಯೆಲ್ ರೋಸೆನ್‌ಮನ್‌ಗೆ ಹೇಳಿದರು. ರೋಸೆನ್‌ಮನ್ ಯೋಚಿಸಿ ಬಂದು ಕೊಟ್ಟ ಸಲಹೆ ಇಷ್ಟೇ: ಆ ಭಾಷಣ ಮಾಡಿಯೇ ಇಲ್ಲವೆಂದು ಸಾಧಿಸುವುದೊಂದೇ ದಾರಿ!

ರೂಸ್‌ವೆಲ್ಟ್ ಹಾಗೆ ಮಾಡಲಿಲ್ಲ. ಲಕ್ಷಾಂತರ ಜನ ಕೆಲಸವಿಲ್ಲದೆ ಕಂಗೆಟ್ಟಿದ್ದಾಗ ಜಮಾ ಖರ್ಚು ಸರಿತೂಗಿಸುತ್ತ ಕೂರುವುದೇ ತಪ್ಪಾಗುತ್ತಿತ್ತು ಎಂದು ವಾದಿಸಿದರು. ಜನ ಒಪ್ಪಿದರು. ಆಗಿನ 48 ರಾಜ್ಯಗಳ ಪೈಕಿ 46ರಲ್ಲಿ ಅವರೇ ಗೆದ್ದರು.

ಹಾಗಾದರೆ ಕೊಟ್ಟ ಮಾತಿಗೆ ಬೆಲೆಯೇ ಇಲ್ಲವೇ? ಉಮೇದುವಾರನ ನೀತಿ ನಿಲುವುಗಳನ್ನು ಮತದಾರ ಅಳೆಯುವುದು ಹೇಗೆ? ಅಮೆರಿಕದ ಇತಿಹಾಸವೇ ಇದಕ್ಕೆ ಮೂರು ಒರೆಗಲ್ಲುಗಳನ್ನು ಕೊಡುತ್ತದೆ.

<b>ಅಧಿಕಾರ ಯಾರ ಕೈಯಲ್ಲಿ?</b>

ಮೊದಲನೆಯದು, ಹೇಳಿದ್ದನ್ನು ಮಾಡುವ ಅಧಿಕಾರ ಅವರಿಗೆ ಇದೆಯೇ ಎಂಬುದು. ಅಮೆರಿಕದ ಅಧ್ಯಕ್ಷರು ಬಲಶಾಲಿಗಳೇನೋ ಹೌದು. ಆದರೆ ಬೊಕ್ಕಸದ ಬೀಗದ ಕೈ ಅವರಲ್ಲಿಲ್ಲ. ತೆರಿಗೆ, ಖರ್ಚು, ಕಾಯಿದೆ ಎಲ್ಲವೂ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೈಯಲ್ಲಿ. ಒಪ್ಪಂದಗಳಿಗೆ ಸೆನೆಟ್‌ನ ಮೂರನೇ ಎರಡರಷ್ಟು ಬಹುಮತ ಬೇಕು. ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳನ್ನು ಹೆಸರಿಸಬಹುದು, ಆದರೆ ಸೆನೆಟ್ ಒಪ್ಪಬೇಕು.

1988ರ ಆಗಸ್ಟ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಪಕ್ಷದ ಅಧಿವೇಶನದಲ್ಲಿ ಜಾರ್ಜ್ ಬುಷ್ (ಹಿರಿಯ) ಹೊಸ ತೆರಿಗೆ ಹಾಕುವುದೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಸಭೆ ಚಪ್ಪಾಳೆಯಿಂದ ತುಂಬಿತು. ಆ ವರ್ಷ 40 ರಾಜ್ಯಗಳಲ್ಲಿ ಗೆದ್ದರು. ಆದರೆ ಕಾಂಗ್ರೆಸ್ಸಿನ ಎರಡೂ ಸದನಗಳು ವಿರೋಧಿ ಡೆಮಾಕ್ರಟಿಕ್ ಪಕ್ಷದ ಹಿಡಿತದಲ್ಲಿದ್ದವು. ಬಜೆಟ್ಟಿನ ಕೊರತೆ ಬೆಳೆಯುತ್ತಿತ್ತು. 1990ರಲ್ಲಿ ರಾಜಿ ಮಾಡಿಕೊಂಡು ತೆರಿಗೆ ಏರಿಸುವ ಮಸೂದೆಗೆ ಬುಷ್ ಸಹಿ ಹಾಕಬೇಕಾಯಿತು. ಮಾತು ತಪ್ಪಿದವರೆಂಬ ಹೆಸರು ಅವರಿಗೆ ಅಂಟಿಕೊಂಡಿತು. 1992ರಲ್ಲಿ ಬಿಲ್ ಕ್ಲಿಂಟನ್ ಎದುರು ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಒಂದು ವಾಕ್ಯ ಕೊನೆಯವರೆಗೂ ಅವರನ್ನು ಬೆನ್ನು ಹತ್ತಿತ್ತು.

<b>ಮಾತೋ, ಕಡತವೋ?</b>

ಎರಡನೆಯದು, ಹೇಳುತ್ತಿರುವುದಕ್ಕೂ ಮಾಡುತ್ತಿರುವುದಕ್ಕೂ ತಾಳೆ ಇದೆಯೇ ಎಂಬುದು. 1964ರಲ್ಲಿ ಲಿಂಡನ್ ಜಾನ್ಸನ್ ಅವರ ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಯುದ್ಧಪ್ರಿಯ ಎಂಬ ಭಯ ಜನರಲ್ಲಿತ್ತು. ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಸಾವಿರಾರು ಮೈಲಿ ದೂರ ಕಳಿಸುವುದಿಲ್ಲ ಎಂದು ಜಾನ್ಸನ್ ಅಕ್ಟೋಬರ್‌ನಲ್ಲಿ ಓಹಿಯೋದಲ್ಲಿ ಹೇಳಿದರು. 44 ರಾಜ್ಯಗಳು ಅವರನ್ನು ಆರಿಸಿದವು. 1965ರ ಮಾರ್ಚ್‌ನಲ್ಲಿ ಅಮೆರಿಕದ ನೌಕಾ ಯೋಧರು ವಿಯೆಟ್ನಾಮಿನ ದಾ ನಾಂಗ್ ತೀರದಲ್ಲಿ ಇಳಿದರು. ವರ್ಷದ ಕೊನೆಗೆ ಅಲ್ಲಿದ್ದ ಅಮೆರಿಕನ್ ಸೈನಿಕರು ಸುಮಾರು 1,84,000. ಯುದ್ಧ ಮುಗಿಯುವ ವೇಳೆಗೆ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ವಿಯೆಟ್ನಾಮಿನವರ ಸಾವು ಲಕ್ಷಗಳಲ್ಲಿ.

ಮತದಾರರಿಗೆ ಇದರ ಸುಳಿವು ಸಿಗುವಂತಿರಲಿಲ್ಲವೇ? ಸಿಗುವಂತಿತ್ತು. ಚುನಾವಣೆಗೆ ಮೂರು ತಿಂಗಳ ಮೊದಲೇ, 1964ರ ಆಗಸ್ಟ್‌ನಲ್ಲಿ, ಜಾನ್ಸನ್ ಉತ್ತರ ವಿಯೆಟ್ನಾಮಿನ ಮೇಲೆ ಬಾಂಬ್ ಹಾಕಿಸಿದ್ದರು. ಅಲ್ಲಿ ಬಲಪ್ರಯೋಗ ಮಾಡಲು ಕಾಂಗ್ರೆಸ್ಸಿನಿಂದ ಟಾಂಕಿನ್ ಕೊಲ್ಲಿ ನಿರ್ಣಯದ ಮೂಲಕ ಅನುಮತಿಯನ್ನೂ ಪಡೆದಿದ್ದರು. ಸೆನೆಟ್‌ನಲ್ಲಿ ಇದನ್ನು ವಿರೋಧಿಸಿದವರು ಇಬ್ಬರೇ. ಭಾಷಣ ಶಾಂತಿಯನ್ನು ಹೇಳುತ್ತಿತ್ತು, ಕಡತ ಯುದ್ಧವನ್ನು ಹೇಳುತ್ತಿತ್ತು.

<b>ಲೆಕ್ಕ ನಿಜವೇ?</b>

ಮೂರನೆಯದು, ಭರವಸೆ ಯಾವ ಲೆಕ್ಕದ ಮೇಲೆ ನಿಂತಿದೆಯೋ ಅದು ನಿಜವೇ ಎಂಬುದು. 1960ರಲ್ಲಿ ಜಾನ್ ಕೆನಡಿ, ಕ್ಷಿಪಣಿಗಳಲ್ಲಿ ಸೋವಿಯತ್ ಒಕ್ಕೂಟ ಅಮೆರಿಕವನ್ನು ಹಿಂದೆ ಹಾಕುತ್ತಿದೆ, ಈ ಅಂತರವನ್ನು ತುಂಬಬೇಕು ಎಂದು ಪ್ರಚಾರ ಮಾಡಿದರು. ಕೇಳಿದವರಿಗೆ ದಿಗಿಲು ಹುಟ್ಟಿಸುವ ಮಾತು ಅದು. ಅವರು ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, ಅಂಥ ಅಂತರ ಕಾಣುತ್ತಿಲ್ಲವೆಂದು ಅವರದೇ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ವಾಸ್ತವವಾಗಿ ಮುಂದಿದ್ದುದು ಅಮೆರಿಕವೇ. ಇಲ್ಲದ ರೋಗಕ್ಕೆ ಮದ್ದು ಕೊಡುವ ಭರವಸೆ ಎಷ್ಟು ಪ್ರಾಮಾಣಿಕವಾಗಿದ್ದರೂ ಕೆಲಸಕ್ಕೆ ಬಾರದು.

ಹಾಗೆಂದು ಎಲ್ಲ ಭರವಸೆಗಳೂ ಬುರುಡೆ ಎಂದು ತೀರ್ಮಾನಿಸುವುದು ಸರಿಯಲ್ಲ. ಕೆನಡಿಯಿಂದ ರೇಗನ್‌ವರೆಗಿನ ಅಧ್ಯಕ್ಷರ ಭರವಸೆಗಳನ್ನು ಪರಿಶೀಲಿಸಿದ ರಾಜ್ಯಶಾಸ್ತ್ರಜ್ಞ ಜೆಫ್ ಫಿಶೆಲ್ 1985ರಲ್ಲಿ ಪುಸ್ತಕ ಪ್ರಕಟಿಸಿದರು. ಅಧ್ಯಕ್ಷರು ತಮ್ಮ ಹೆಚ್ಚಿನ ಭರವಸೆಗಳ ವಿಷಯದಲ್ಲಿ ಪ್ರಾಮಾಣಿಕ ಪ್ರಯತ್ನವನ್ನಾದರೂ ಮಾಡಿದ್ದರು ಎಂಬುದು ಅವರಿಗೆ ಕಂಡ ಸಂಗತಿ. ತಪ್ಪಿದ ಮಾತು ನೆನಪಿನಲ್ಲಿ ಉಳಿಯುತ್ತದೆ, ನಡೆಸಿಕೊಟ್ಟದ್ದು ಮರೆತುಹೋಗುತ್ತದೆ.

ಇದೆಲ್ಲ ನಮಗೇಕೆ ಎನ್ನುವಂತಿಲ್ಲ. ಬೆಂಗಳೂರು, ಮೈಸೂರುಗಳಲ್ಲಷ್ಟೇ ಅಲ್ಲ, ಸಣ್ಣ ಊರುಗಳಲ್ಲೂ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಇಂದು ಕಡಿಮೆ ಇಲ್ಲ. ಅಲ್ಲಿ ಚುನಾವಣೆ ಬಂತೆಂದರೆ ಇಲ್ಲಿನ ತಂದೆತಾಯಿಗಳು ಕೇಳುವ ಮೊದಲ ಪ್ರಶ್ನೆ, ವೀಸಾ ಏನಾಗುತ್ತದೆ ಎಂಬುದು. ಮೊದಲ ಒರೆಗಲ್ಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪರಿಣತ ಕೆಲಸಗಾರರ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 65,000, ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿಯನ್ನು ಹಾಕಿರುವುದು ಕಾಂಗ್ರೆಸ್ಸಿನ ಕಾಯಿದೆ. ಅದನ್ನು ಹೆಚ್ಚಿಸುತ್ತೇನೆಂದು ಒಬ್ಬ ಉಮೇದುವಾರ ಹೇಳಿದರೆ, ಅದು ಅವರೊಬ್ಬರಿಂದ ಆಗುವ ಕೆಲಸವಲ್ಲ. ಬಿಗಿಗೊಳಿಸುತ್ತೇನೆಂದರೆ ಮಾತ್ರ ಲಘುವಾಗಿ ಎಣಿಸಬಾರದು. 2020ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಒಂದು ಘೋಷಣೆಯಿಂದಲೇ ಹೊಸದಾಗಿ ಇಂಥ ವೀಸಾದಲ್ಲಿ ಬರುವವರನ್ನು ತಡೆದರು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೊರಿಸಿದ್ದೂ ಅವರ ಘೋಷಣೆಯೇ. ಬಾಗಿಲು ತೆರೆಯಲು ಹಲವರ ಕೈ ಬೇಕು, ಮುಚ್ಚಲು ಒಬ್ಬರ ಕೈ ಬಹುಮಟ್ಟಿಗೆ ಸಾಕು.

ನಮ್ಮ ರಾಷ್ಟ್ರಪತಿಗಳ ಆಯ್ಕೆಯಲ್ಲಿ ಪ್ರಣಾಳಿಕೆಯ ಪ್ರಶ್ನೆ ಬರುವುದಿಲ್ಲ. ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಆದರೆ ಪಂಚಾಯಿತಿಯಿಂದ ಲೋಕಸಭೆಯವರೆಗೆ ಭರವಸೆಗಳಿಗೆ ನಮ್ಮಲ್ಲೂ ಬರವಿಲ್ಲ. ಮತ ಕೇಳಲು ಬಂದವರನ್ನು ಮೂರು ಮಾತು ಕೇಳಬಹುದು: ಇದನ್ನು ಮಾಡುವ ಅಧಿಕಾರ ನಿಮಗಿದೆಯೇ? ಈವರೆಗೆ ಏನು ಮಾಡಿದ್ದೀರಿ? ಲೆಕ್ಕ ಎಲ್ಲಿದೆ? ಪಿಟ್ಸ್‌ಬರ್ಗ್‌ನ ಜನ ನಾಲ್ಕು ವರ್ಷದ ಹಳೆಯ ಭಾಷಣವನ್ನು ಮರೆತಿರಲಾರರು ಎಂದೇ ರೂಸ್‌ವೆಲ್ಟ್ ಅಂದು ಸಮಜಾಯಿಷಿ ಹುಡುಕಿದ್ದು. ಮತದಾರರಿಗೆ ನೆನಪಿದೆ ಎಂಬ ಅಳುಕು ಅಧಿಕಾರದಲ್ಲಿರುವವರಿಗೆ ಇದ್ದರೆ, ಕೊಟ್ಟ ಮಾತಿಗೆ ಅಷ್ಟು ಬೆಲೆಯಾದರೂ ಉಳಿಯುತ್ತದೆ.