ಅನುಕರಣ ಯಂತ್ರದಲ್ಲಿ ಕೋರ್ ಮತ್ತು ಥ್ರೆಡ್‌ಗಳ ನಿರೂಪಣೆ

ಒಂದು ಗಣಕಯಂತ್ರದೊಳಗೆ ಇನ್ನೊಂದನ್ನು ತಂತ್ರಾಂಶದಿಂದಲೇ ರೂಪಿಸುವ ವಿಧಾನಕ್ಕೆ, ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಪ್ರಸಿದ್ಧ ನಿದರ್ಶನ. ಒಳಗಿನ ಅತಿಥಿ ಯಂತ್ರಕ್ಕೆ 8 ಪ್ರೊಸೆಸರ್‌ಗಳಿವೆ ಎಂದಷ್ಟೇ ಹೇಳಿದರೆ ಸಾಲದು. ಅವು ಎಷ್ಟು ಸಾಕೆಟ್‌ಗಳಲ್ಲಿವೆ, ಸಾಕೆಟ್ಟೊಂದಕ್ಕೆ ಕೋರ್‌ಗಳೆಷ್ಟು, ಕೋರೊಂದಕ್ಕೆ ಥ್ರೆಡ್‌ಗಳೆಷ್ಟು ಎಂಬುದನ್ನೂ ನಿರೂಪಿಸಬೇಕು.

ಕೋರಿಗೂ ಥ್ರೆಡ್ಡಿಗೂ ಇರುವ ಅಂತರವನ್ನು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ವಿವರಿಸುವುದು ಕಷ್ಟವಲ್ಲ. ಇಬ್ಬರ ಸೊಪ್ಪು ಒಂದೇ ಬ್ಯಾರನ್ನಿನಲ್ಲಿ ಹದಗೊಂಡರೆ ಪಾಲು ಎರಡು, ಒಲೆ ಒಂದೇ. ಕೋರ್ ಎಂಬುದು ಒಲೆಸಹಿತವಾದ ಬ್ಯಾರನ್. ಥ್ರೆಡ್ ಅದರೊಳಗಿನ ಪಾಲು.

ಅತಿಥಿಯ ಕಾರ್ಯಾಚರಣ ವ್ಯವಸ್ಥೆ ಕೆಲಸ ಹಂಚುವುದು ಈ ನಿರೂಪಣೆಯನ್ನು ನಂಬಿಯೇ. ಅತಿಥಿಯ ಪ್ರೊಸೆಸರ್‌ಗಳನ್ನು ನಿಜವಾದ ಯಂತ್ರದ ಥ್ರೆಡ್‌ಗಳಿಗೆ ಕಟ್ಟಿಹಾಕಿ, ಅವುಗಳನ್ನು ಪೂರ್ಣ ಕೋರ್‌ಗಳೆಂದು ಸಾರಿದರೆ, ಭಾರವಾದ ಎರಡು ಕೆಲಸಗಳು ಒಂದೇ ಒಲೆಗೆ ಬೀಳಬಹುದು. ಪಕ್ಕದ ಒಲೆ ಆರಿಯೇ ಇರುತ್ತದೆ.

ಪರವಾನಗಿಯ ತೊಡಕು ಇನ್ನೂ ವಿಚಿತ್ರವಾದುದು. ವಿಂಡೋಸ್ 10 ಪ್ರೊ ಎರಡಕ್ಕಿಂತ ಹೆಚ್ಚು ಸಾಕೆಟ್‌ಗಳನ್ನು ಬಳಸದು. ವಿವರ ನೀಡದಿದ್ದಾಗ ಹಳೆಯ ಕ್ಯೂಎಮು 8 ಪ್ರೊಸೆಸರ್‌ಗಳನ್ನು 8 ಸಾಕೆಟ್‌ಗಳೆಂದೇ ಎಣಿಸುತ್ತಿದ್ದುದರಿಂದ ಆರು ಪ್ರೊಸೆಸರ್‌ಗಳು ವ್ಯರ್ಥವಾಗುತ್ತಿದ್ದವು. 2021ರ 6.2ನೆಯ ಆವೃತ್ತಿಯ ಯಂತ್ರಮಾದರಿಗಳಿಂದ ಈ ಎಣಿಕೆಯಲ್ಲಿ ಸಾಕೆಟ್‌ಗಳಿಗಿಂತ ಕೋರ್‌ಗಳಿಗೆ ಆದ್ಯತೆ ದೊರೆತಿದೆ.